ದೊಡ್ಡಮ್ಮನ ಬ್ಲಾಗು, ಪುರೋಹಿತರ ಪಾಸ್‌ವರ್ಡು

ಕಂಪ್ಯೂಟರ್ ರಿಪೇರಿ ಅಂಗಡಿಗೆ ಕೆಟ್ಟ ಕಂಪ್ಯೂಟರುಗಳು ಬರುತ್ತವೆ ಅಂತ ಜನ ತಿಳಿದಿದ್ದಾರೆ. ನನ್ನ ಅಂಗಡಿಗೆ ಬರುವುದರಲ್ಲಿ ಅರ್ಧಕ್ಕರ್ಧ ಗಟ್ಟಿಮುಟ್ಟಾಗಿಯೇ ಇರುತ್ತವೆ. ಅವುಗಳ ಮುಂದೆ ಕೂತವರು ಏನಾದರೊಂದು ಮಾಡಿಕೊಂಡಿರುತ್ತಾರೆ, ಅಷ್ಟೆ. ಒಂದು ಫಜೀತಿ ಮುಗಿಯಿತಪ್ಪಾ ಅಂತ ಚಹಾಕ್ಕೆ ಕೈ ಹಾಕುವಷ್ಟರಲ್ಲಿ ಇನ್ನೊಂದು ಮೆಟ್ಟಿಲು ಹತ್ತಿ ಬಂದು, "ಅಕ್ಕಾ, ಇದ್ಯನೇ?" ಅನ್ನುತ್ತದೆ.

ಶಿರಸಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಮಹಡಿಯ ಮೇಲೆ ನನ್ನ ಅಂಗಡಿ. ಇ-ಮೇಲ್ ಖಾತೆ ತೆರೆದುಕೊಡುವುದು, ಬ್ಲಾಗು ಮಾಡಿಕೊಡುವುದು, ವೈರಸ್ ತೆಗೆಯುವುದು, ಮರೆತ ಪಾಸ್‌ವರ್ಡಿಗೆ ದಾರಿ ಹುಡುಕುವುದು, ಇದೇ ಉದ್ಯೋಗ. ಸಿದ್ದಾಪುರ, ಯಲ್ಲಾಪುರದ ಕಡೆಗೂ ಸ್ಕೂಟಿ ಮೇಲೆ ಹೋಗುತ್ತೇನೆ. ಮೂರೂ ತಾಲೂಕಿನಲ್ಲಿ ನನ್ನ ಹೆಸರು ಬಲ್ಲವರು ಕಡಿಮೆ. 'ಕಂಪ್ಯೂಟರ್ ಅಕ್ಕ' ಅಂದರೆ ಗೊತ್ತು. "ಸ್ವಲ್ಪ ಬೈತು, ಆದ್ರೆ ಸರಿ ಮಾಡಿಕೊಡ್ತು" ಅಂತಲೂ ನನ್ನ ಬಗ್ಗೆ ಹೇಳುತ್ತಾರಂತೆ. ಬೈಯದೆ ಏನು ಮಾಡಲಿ? ಓದಿದ ಮೇಲೆ ನೀವೇ ಹೇಳಿ.

ಇಷ್ಟು ವರ್ಷ ಇವನ್ನೆಲ್ಲ ಬಾಯಲ್ಲಿ ಹೇಳಿಕೊಂಡು ನಗುತ್ತಿದ್ದೆ. ಬರೆದಿಡಬೇಕು ಅನ್ನಿಸಿದ್ದು ಕಳೆದ ತಿಂಗಳು, ನಮ್ಮ ದೊಡ್ಡಮ್ಮನ ಬ್ಲಾಗು ಒಂದು ಸಂಜೆಯೊಳಗೆ ಪೂರ್ತಿ ಅಳಿಸಿಹೋಗುವುದರಲ್ಲಿದ್ದಾಗ. ಆ ದಿನ ನನಗೆ ನಗು ಬಂದಿರಲಿಲ್ಲ. ಆ ಬ್ಲಾಗು ಉಳಿಯಿತೋ ಇಲ್ಲವೋ ಅನ್ನುವುದನ್ನು ಹೇಳುತ್ತೇನೆ. ಮೊದಲು ಸಣ್ಣಪುಟ್ಟವು ಮುಗಿದುಹೋಗಲಿ.

೧. ಕರೆಯಬಾರದ ನಾಯಿ

ಹಿಂದೆ ಇ-ಮೇಲ್ ಖಾತೆ ತೆರೆಯುವಾಗ ಒಂದು ಗುಟ್ಟಿನ ಪ್ರಶ್ನೆ ಕೇಳುತ್ತಿದ್ದರು. ನಾಳೆ ಪಾಸ್‌ವರ್ಡು ಮರೆತರೆ ಅದಕ್ಕೆ ಉತ್ತರ ಹೇಳಿ ಒಳಗೆ ಹೋಗಬಹುದು. ಈ ಪ್ರಶ್ನೆಗಳನ್ನು ಮಾಡಿದವರು ನಮ್ಮ ಕಡೆಯವರಲ್ಲ ಅನ್ನುವುದು ನೋಡಿದ ಕೂಡಲೇ ಗೊತ್ತಾಗುತ್ತದೆ. ನಿಮ್ಮ ತಾಯಿಯ ತವರುಮನೆ ಯಾವುದು ಅಂತ ಒಂದು ಪ್ರಶ್ನೆ. ಇಲ್ಲಿ ಯಾರ ತಾಯಿಯ ತವರುಮನೆ ಯಾವುದು, ಅಲ್ಲಿಂದ ಯಾರನ್ನು ಎಲ್ಲಿಗೆ ಕೊಟ್ಟಿದ್ದಾರೆ ಅನ್ನುವುದು ಬಸ್ಸಿನಲ್ಲಿ ಪಕ್ಕಕ್ಕೆ ಕೂತವರಿಗೂ ಗೊತ್ತಿರುತ್ತದೆ. ನೀವು ಕಲಿತ ಮೊದಲ ಶಾಲೆ ಯಾವುದು ಅಂತ ಇನ್ನೊಂದು. ಊರಿಗೆ ಇರುವುದೇ ಒಂದು ಶಾಲೆ.

ಭೈರುಂಬೆ ಕಡೆಯ ಗೃಹಿಣಿಯೊಬ್ಬರಿಗೆ ಖಾತೆ ಮಾಡಿಕೊಡುವಾಗ ಇದನ್ನೆಲ್ಲ ಯೋಚಿಸಿ, ಸಾಕಿದ ಪ್ರಾಣಿಯ ಹೆಸರೇನು ಅನ್ನುವ ಪ್ರಶ್ನೆ ಆರಿಸಿದೆ. ಅವರು ನಾಯಿಯ ಹೆಸರು ಹೇಳಿದರು. ನಾನು ಎಂದಿನಂತೆ ಕಣ್ಣು ಬಿಟ್ಟು ಎಚ್ಚರಿಸಿದೆ, "ಈ ಉತ್ತರ ಯಾರ ಕಿವಿಗೂ ಬೀಳಬಾರದು."

ಕೆಲವು ತಿಂಗಳ ಮೇಲೆ ಪ್ರಿಂಟರ್ ನೋಡಲಿಕ್ಕೆ ಅವರ ಮನೆಗೆ ಹೋದೆ. ಅಂಗಳಕ್ಕೆ ಹೋಗುವ ದಣಪೆಯ ಬಾಯಲ್ಲೇ, ಬೇಲಿಯ ಗೇಟಿಗೆ ಅಡ್ಡವಾಗಿ, ನಾಯಿ ಮಲಗಿತ್ತು. ಗೃಹಿಣಿ ಓಡಿ ಬಂದರು. "ಏ, ಇದೇ, ಏಳಾ, ಅತ್ಲಾಗೆ ಹೋಗಾ" ಅಂದರು. ಚಪ್ಪಾಳೆ ತಟ್ಟಿದರು. ಬಾಯಲ್ಲಿ ಚುಚ್ಚುಚ್ಚು ಮಾಡಿದರು. ನಾಯಿ ಒಂದು ಕಣ್ಣು ತೆರೆದು ನೋಡಿ, ಇದು ತನಗೆ ಹೇಳಿದ್ದಲ್ಲ ಅಂತ ತೀರ್ಮಾನಿಸಿ ಮತ್ತೆ ಮುಚ್ಚಿಕೊಂಡಿತು.

"ಅದಕ್ಕೆ ಹೆಸರಿಲ್ಯ?" ಅಂದೆ.

ಅವರು ಆಚೆ ಈಚೆ ನೋಡಿ, ನನ್ನ ಕಿವಿಯ ಹತ್ತಿರ ಬಂದರು. "ಇದ್ದು. ಯಾರಿಗೂ ಕೇಳಲಾಗ ಹೇಳಿ ನೀನೇ ಅಲ್ದಾ ಹೇಳಿದ್ದು? ಮನೇಲಿ ಮಕ್ಕೊಗೂ ಹೇಳಿಟ್ಟಿದ್ದಿ, ಬಾಯಿ ಬಿಡಲಾಗ ಹೇಳಿ."

ಖಾತೆ ತೆರೆದ ದಿನದಿಂದ ಆ ನಾಯಿ ತನ್ನ ಹೆಸರನ್ನೇ ಕೇಳಿರಲಿಲ್ಲ. ನಾನು ಅಲ್ಲೇ ಜಗಲಿಯಲ್ಲಿ ಕೂತು ಆ ಪ್ರಶ್ನೆ ತೆಗೆದು ಬೇರೆ ವ್ಯವಸ್ಥೆ ಮಾಡಿದೆ. "ಇನ್ನು ಧೈರ್ಯವಾಗಿ ಕರೀರಿ" ಅಂದೆ. ಅವರು ಅಂಗಳಕ್ಕೆ ಇಳಿದು, ಕಟ್ಟಿಟ್ಟ ಉಸಿರನ್ನೆಲ್ಲ ಬಿಟ್ಟು, "ರಾಜಾ" ಅಂತ ಕರೆದರು. ನಾಯಿ ದಡಕ್ಕನೆ ಎದ್ದು ಓಡಿ ಬಂತು.

ಬೇಲಿಯ ಆಚೆಯಿಂದ ಪಕ್ಕದ ಮನೆಯ ಯಜಮಾನರು ತಲೆ ಎತ್ತಿದರು. "ರಾಜ ಇದ್ದ ಹಂಗಾರೆ. ಹೆಸರೇ ಕೇಳ್ತಿತ್ತಿಲ್ಲೆ, ಸತ್ತೋತು ಅಂದ್ಕಂಡಿದ್ದಿ."

೨. ಯುಗಾದಿ ಆದರೂ ಬದಲಾಗದ್ದು

ಸಿದ್ದಾಪುರದ ಆಚೆ, ದೊಡ್ಮನೆ ಕಡೆಯ ಪುರೋಹಿತರೊಬ್ಬರಿಗೆ ಇ-ಮೇಲ್ ಅಂದರೆ ಬಹಳ ಅಕ್ಕರೆ. ಬೇರೆ ಊರಿನಲ್ಲಿರುವ ಶಿಷ್ಯರ ಮನೆಯವರು ಮುಹೂರ್ತ ಕೇಳುವುದು, ಇವರು ಉತ್ತರಿಸುವುದು ಎಲ್ಲ ಅದರಲ್ಲೇ. ಪಾಸ್‌ವರ್ಡು ಇಡುವ ದಿನ ನನ್ನ ಪಾಠ ಶುರುವಾಯಿತು. ಹೆಸರು ಇಡಬಾರದು, ಹುಟ್ಟಿದ ದಿನ ಇಡಬಾರದು, ಊರು ಇಡಬಾರದು, ವರ್ಷಕ್ಕೊಮ್ಮೆಯಾದರೂ ಬದಲಾಗುತ್ತಿರಬೇಕು.

ಪುರೋಹಿತರು ಕಣ್ಣು ಮುಚ್ಚಿ ಯೋಚಿಸಿ, ನಡೆಯುತ್ತಿರುವ ಸಂವತ್ಸರದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರು. ನನಗೆ ಖುಷಿಯಾಯಿತು. ಇಷ್ಟು ವರ್ಷದಲ್ಲಿ ಮೊದಲ ಸಲ ಒಬ್ಬರು ಹೆಂಡತಿಯ ಹೆಸರು ಬಿಟ್ಟು ಬೇರೆ ಏನನ್ನೋ ಇಟ್ಟಿದ್ದರು.

ಯುಗಾದಿ ಕಳೆದು ಎರಡು ದಿನಕ್ಕೆ ಫೋನ್ ಬಂತು. "ತಂಗೀ, ಯನ್ನ ಖಾತೆಗೆ ಕಳ್ಳರು ಹೊಕ್ಕಿದ್ದ ಕಾಣ್ತು. ಬಾಗಿಲೇ ತೆಗೀತಿಲ್ಲೆ."

ಉರಿಬಿಸಿಲಲ್ಲಿ ಸಿದ್ದಾಪುರದ ದಾರಿ ಹಿಡಿದೆ. ಪಾನಕ ಬಂತು, ಕುಡಿದೆ. ಪುರೋಹಿತರು ನನ್ನೆದುರಿಗೇ ಪಾಸ್‌ವರ್ಡು ಹೊಡೆದರು. ತಪ್ಪು ಅಂತ ಬಂತು.

"ಎಂತ ಹೊಡೆದ್ರಿ?" ಅಂದೆ.

ಅವರು ಹೊಸ ಸಂವತ್ಸರದ ಹೆಸರು ಹೇಳಿದರು.

"ಹೊಸದು ಇಟ್ಟಿದ್ದು ಯಾವಾಗ?"

"ಆನು ಇಡದು ಎಂತಕ್ಕೆ? ಯುಗಾದಿ ಆತಲೆ."

ನನ್ನ ಸಿಟ್ಟು ಮೂಗಿನ ತುದಿಯವರೆಗೆ ಬಂತು. ಪಾನಕದ ಋಣಕ್ಕೆ ನುಂಗಿಕೊಂಡು ಹಳೇ ಸಂವತ್ಸರದ ಹೆಸರು ಹೊಡೆದೆ. ಖಾತೆ ತೆರೆಯಿತು. ಪುರೋಹಿತರು ಪರದೆಯನ್ನು ಕನಿಕರದಿಂದ ನೋಡಿದರು. "ಅಂದ್ರೆ ಅವಕ್ಕೆ ಇನ್ನೂ ಹಳೇ ಸಂವತ್ಸರವೇ ನಡೀತಾ ಇದ್ದಾ?" ಅಂದರು. ಪಂಚಾಂಗ ತನ್ನಷ್ಟಕ್ಕೆ ಬದಲಾಗುತ್ತದೆ, ಪಾಸ್‌ವರ್ಡನ್ನು ನಾವು ಬದಲಿಸಬೇಕು ಅಂತ ಬಿಡಿಸಿ ಬಿಡಿಸಿ ಹೇಳಿದೆ. ಅವರು ಒಪ್ಪಿ, ಹೊಸ ಸಂವತ್ಸರವನ್ನು ವಿಧಿವತ್ತಾಗಿ ಇಟ್ಟರು.

ಹೊರಡುವಾಗ ಸುಮ್ಮನೆ ಕೇಳಿದೆ, "ಇದನ್ನ ಯಾರ ಹತ್ರನೂ ಹೇಳಿದ್ರಿಲ್ಲೆ ಅಲ್ದಾ?"

"ಛೆ ಛೆ, ಇಲ್ಲೆ. ದಿನಾ ಪೂಜೆಯ ಸಂಕಲ್ಪದಲ್ಲಿ ಮಾತ್ರ."

೩. ಸಾಹುಕಾರರ ಮೇಲು

ಬನವಾಸಿ ಕಡೆಯ ಗೊಬ್ಬರದ ಅಂಗಡಿ ಸಾಹುಕಾರರದು ಬೇರೆಯೇ ಕ್ರಮ. ಅವರಿಗೆ ಇ-ಮೇಲ್ ಕಲಿಸಿದ್ದು ನಾನೇ. ಬೇಗ ಕಲಿತರು. ಒಂದು ದಿನ ಅವರ ಅಂಗಡಿಯ ಕಂಪ್ಯೂಟರಿಗೆ ಆ್ಯಂಟಿವೈರಸ್ ಹಾಕುತ್ತ ಕೂತಿದ್ದೆ. ಸಾಹುಕಾರರು ಪಕ್ಕದ ಲ್ಯಾಪ್‌ಟಾಪಿನಲ್ಲಿ ಹುಬ್ಬಳ್ಳಿಯ ವ್ಯಾಪಾರಿಗೆ ಒಂದು ಮೇಲ್ ಬರೆದರು. ತಪ್ಪಿಲ್ಲದೆ, ಒಪ್ಪವಾಗಿ, 'ಮಾನ್ಯರೇ' ಅಂತ ಶುರುಮಾಡಿ 'ಇಂತಿ ತಮ್ಮ ವಿಶ್ವಾಸಿ' ಅಂತ ಮುಗಿಸಿ ಕಳಿಸಿದರು. ನನಗೆ ಹೆಮ್ಮೆಯಾಯಿತು.

ಕಳಿಸಿದವರೇ ಫೋನ್ ಎತ್ತಿಕೊಂಡರು. "ನಮಸ್ಕಾರ್ರಿ. ಮೇಲ್ ಕಳಿಸೇನ್ರಿ. ಬಂತೇನ್ರಿ? ನೋಡಿಲ್ಲೇನು? ಇರ್ಲಿ ಬಿಡ್ರಿ, ಓದ್ತೀನಿ ಕೇಳ್ರಿ." ಅಂದವರು 'ಮಾನ್ಯರೇ' ಇಂದ 'ವಿಶ್ವಾಸಿ'ಯವರೆಗೆ ಒಂದು ಅಕ್ಷರ ಬಿಡದೆ ಓದಿದರು. ಆ ಕಡೆಯವರು ಹೂಂ ಹೂಂ ಅಂದರು. ಸ್ವಲ್ಪ ಹೊತ್ತಿಗೆ ಉತ್ತರದ ಮೇಲ್ ಬಂತು. ಹಿಂದೆಯೇ ಫೋನೂ ಬಂತು. ಈಗ ಅವರು ಓದಿದರು, ಇವರು ಹೂಂ ಅಂದರು.

ನನಗೆ ತಡೆಯಲಿಲ್ಲ. "ಸಾಹುಕಾರ್ರೆ, ಎಲ್ಲಾ ಫೋನಿನಲ್ಲೇ ಹೇಳೋದಾದರೆ ಮೇಲ್ ಯಾಕೆ ಬರೀತೀರಿ?"

ಸಾಹುಕಾರರು ನನ್ನನ್ನು ಏನೂ ತಿಳಿಯದವಳ ಹಾಗೆ ನೋಡಿದರು. "ಹಂಗಲ್ರಿ ಅಕ್ಕಾರ. ಮೇಲ್ ಬರ್ಕೊಳ್ಳದ ಫೋನ್ ಹಚ್ಚಿದ್ರ ಏನ್ ಮಾತಾಡಬೇಕು ಅನ್ನೋದ ನೆನಪಿರಂಗಿಲ್ಲ ನೋಡ್ರಿ."

೪. ಕಳ್ಳಿಯೇ ಬ್ಲಾಕ್ ಮಾಡಿದ ಫೋನು

ವಾನಳ್ಳಿ ಕಡೆಯ ಮಹಿಳಾ ಮಂಡಳದಲ್ಲಿ ಒಮ್ಮೆ ಭಾಷಣಕ್ಕೆ ಕರೆದಿದ್ದರು. ಫೋನಿಗೆ ಬರುವ ಒಟಿಪಿಯನ್ನು ಯಾರು ಕೇಳಿದರೂ ಕೊಡಬಾರದು, ಬ್ಯಾಂಕಿನವರು ಅಂದರೂ ಕೊಡಬಾರದು, ಕಂಪನಿಯವರು ಅಂದರೂ ಕೊಡಬಾರದು ಅಂತ ಗಂಟಲು ಹರಿದುಕೊಂಡೆ. ಎಲ್ಲರೂ ತಲೆಯಾಡಿಸಿದರು. ಮುಂದಿನ ಸಾಲಿನಲ್ಲಿದ್ದ, ವಯಸ್ಸಾದ ಒಬ್ಬ ಆಯಿ ಎಲ್ಲರಿಗಿಂತ ಜೋರಾಗಿ ಆಡಿಸಿದರು.

ಆ ಆಯಿ ಮುಂದೊಂದು ದಿನ ಫೋನ್ ಹಿಡಿದು ನನ್ನ ಅಂಗಡಿಗೆ ಬಂದರು. "ಇದ್ರಿಂದ ಒಂದು ನಂಬರಿಗೆ ಫೋನ್ ಹೋಗ್ತೇ ಇಲ್ಲೆ. ಎಂತಾಜು ನೋಡು."

ವಿಷಯ ಕೇಳಿದೆ. ಒಂದು ದಿನ ಅವರಿಗೆ ಹುಡುಗಿಯೊಬ್ಬಳ ಫೋನ್ ಬಂದಿತ್ತಂತೆ. ನಿಮ್ಮ ಇ-ಮೇಲ್ ಖಾತೆ ಇವತ್ತೇ ಬಂದ್ ಆಗುತ್ತದೆ ಮೇಡಂ, ಈಗ ಮೆಸೇಜಿಗೆ ಬಂದ ನಂಬರ್ ಹೇಳಿ ಅಂದಳಂತೆ. ಆಯಿ ನನ್ನ ಪಾಠ ಮರೆತಿರಲಿಲ್ಲ. ನಂಬರ್ ಕೊಡಲಿಲ್ಲ. ಆದರೆ ಫೋನನ್ನೂ ಇಡಲಿಲ್ಲ. ಮನೆಯಲ್ಲಿ ಮದುವೆಗೆ ಬಂದ ಮಗನಿದ್ದಾನೆ. ನಮ್ಮ ಕಡೆ ಹೆಣ್ಣು ಸಿಕ್ಕುವುದು ಎಷ್ಟು ಕಷ್ಟ ಅನ್ನುವುದನ್ನು ನಾನು ಹೇಳಬೇಕಾಗಿಲ್ಲ. ಇಷ್ಟು ನಯವಾಗಿ ಮಾತಾಡುವ ಹುಡುಗಿ ತಾನಾಗಿಯೇ ಮನೆಗೆ ಫೋನ್ ಮಾಡಿದಾಗ ಯಾವ ತಾಯಿ ಇಟ್ಟುಬಿಡುತ್ತಾಳೆ?

"ನಂಬರ್ ಇರ್ಲಿ ತಂಗಿ. ಯಾವೂರಾತು? ಮದುವೆ ಆಜಾ?" ಅಂದರಂತೆ ಆಯಿ.

ಹುಡುಗಿ ಇಲ್ಲ ಅಂದಳಂತೆ. ಅವಳ ಉದ್ಯೋಗದಲ್ಲಿ ಅವಳು ಮಾಡಿದ ದೊಡ್ಡ ತಪ್ಪು ಅದು. ಅಂದಿನಿಂದ ಆಯಿ ದಿನಾ ಬೆಳಿಗ್ಗೆ ತಿಂಡಿ ಮುಗಿದ ಮೇಲೆ ಒಂದು ಸಲ, ಮಧ್ಯಾಹ್ನ ಮಲಗಿ ಎದ್ದ ಮೇಲೆ ಒಂದು ಸಲ ಅವಳಿಗೆ ಫೋನ್ ಮಾಡಿ, ಮಗನ ಗುಣಗಾನ ಮಾಡಿ, ಜಾತಕ ಕೇಳಿ, ಊಟವಾಯಿತಾ ಅಂತ ವಿಚಾರಿಸಿ ಇಡುತ್ತಿದ್ದರಂತೆ. ಒಂದು ವಾರ ನಡೆಯಿತು. ಆಮೇಲೆ ಫೋನ್ ಹೋಗುವುದು ನಿಂತಿತು.

ಪರೀಕ್ಷಿಸಿ ನೋಡಿದೆ. ಬೇರೆ ಎಲ್ಲ ನಂಬರಿಗೂ ಹೋಗುತ್ತಿತ್ತು. ಆ ಕಡೆಯವಳು ಆಯಿಯನ್ನು ಬ್ಲಾಕ್ ಮಾಡಿದ್ದಳು. ಕಳ್ಳರ ಫೋನನ್ನು ಹೇಗೆ ಬ್ಲಾಕ್ ಮಾಡಬೇಕು ಅಂತ ಊರೂರಿಗೆ ಹೋಗಿ ಕಲಿಸುವವಳು ನಾನು. ಕಳ್ಳರೇ ನಮ್ಮವರನ್ನು ಬ್ಲಾಕ್ ಮಾಡುವ ಗತಿ ಬಂದದ್ದು ನೋಡಿದ್ದು ಅವತ್ತೇ.

"ಆಯಿ, ಅದು ಕಳ್ಳಿ. ನಿಮ್ಮ ಖಾತೆ ಕದಿಯಲೆ ಫೋನ್ ಮಾಡಿದ್ದು" ಅಂದೆ.

ಆಯಿ ನಿಟ್ಟುಸಿರು ಬಿಟ್ಟರು. "ಅದೆಂತ ದೊಡ್ಡದಲ್ಲ. ಮದುವೆ ಆದ್ಮೇಲೆ ಆ ಕೆಲ್ಸ ಬಿಡಸಲಾಗ್ತಿತ್ತು."

೫. ರಷ್ಯಾದ ಓದುಗಿ

ಇನ್ನು ನಮ್ಮ ದೊಡ್ಡಮ್ಮ. ನನ್ನ ಅಮ್ಮನ ಅಕ್ಕ. ಯಲ್ಲಾಪುರ ತಾಲೂಕಿನ ಒಂದು ಕೇರಿಯಲ್ಲಿ ದೊಡ್ಡಪ್ಪನ ಜೊತೆ ಇದ್ದಾಳೆ. ಗುಡ್ಡದ ಬುಡದಿಂದ ತುದಿಯವರೆಗೆ ಮೆಟ್ಟಿಲಿನಂತೆ ಏಳೆಂಟು ಮನೆಗಳು, ಕೆಳಗಿನದು ಅವರದ್ದು. ದೊಡ್ಡಮ್ಮನಿಗೆ ಅಡುಗೆಯ ಬ್ಲಾಗು ಮಾಡಿಕೊಟ್ಟವಳು ನಾನೇ. ತಂಬುಳಿ, ಗೊಜ್ಜು, ಹಶಿ, ಕಷಾಯ, ತೊಡದೇವು, ತನ್ನ ಅಮ್ಮನಿಂದ ಕಲಿತದ್ದನ್ನೆಲ್ಲ ಅದರಲ್ಲಿ ಬರೆದಿದ್ದಾಳೆ. ಬರೆಯುವ ರೀತಿ ಮಾತ್ರ ಅವಳದೇ. ಸುಳ್ಳು ಬರೆಯುವವಳಲ್ಲ. ಯಾರ ಮನೆಯಲ್ಲಿ ಏನು ತಿಂದೆ, ಅದರಲ್ಲಿ ಏನು ಹೆಚ್ಚಾಗಿತ್ತು, ಏನು ಕಡಿಮೆಯಾಗಿತ್ತು, ಎಲ್ಲ ಇರುತ್ತದೆ.

ಬ್ಲಾಗನ್ನು ಯಾವ ದೇಶದವರು ನೋಡಿದರು ಅಂತ ತೋರಿಸುವ ಒಂದು ಪುಟವಿದೆ. ಅದನ್ನು ನೋಡಲು ಕಲಿಸಿದ್ದೇ ತಡ, ದೊಡ್ಡಮ್ಮ ದಿನಾ ನೋಡತೊಡಗಿದಳು. ಒಂದು ದಿನ ಫೋನ್ ಮಾಡಿ, "ರಷ್ಯಾದಿಂದ ಯಾರೋ ದಿನಾ ಬಪ್ಪದೇ ಸೈ. ಪಾಪ, ಹೆಣ್ಮಕ್ಕಳೇ ಇರವು" ಅಂದಳು. ಅಂಥ ಕಡೆಯಿಂದ ಹಾಗೆ ದಿನಾ ಬರುವುದು ಮನುಷ್ಯರಲ್ಲ, ಬೀಗ ಒಡೆಯಲು ಬರುವ ಯಂತ್ರಗಳು ಅಂತ ನನಗೆ ಗೊತ್ತು. ಹೇಳಿದೆ. ದೊಡ್ಡಮ್ಮನ ಕಿವಿಗೆ ಅದು ಹೋಗಲಿಲ್ಲ. ಅವಳು ಆಗಲೇ ಒಂದೆಲಗದ ತಂಬುಳಿಯ ಕೆಳಗೆ, 'ರಷ್ಯಾದ ತಂಗಿಗೆ: ನಿಮ್ಮಲ್ಲಿ ಒಂದೆಲಗ ಸಿಗದಿದ್ದರೆ ದಾಳಿಂಬೆ ಸಿಪ್ಪೆಯಲ್ಲಿ ಮಾಡಬಹುದು' ಅಂತ ಬರೆದಾಗಿತ್ತು.

ದೊಡ್ಡಪ್ಪ ಪೇಪರಿನಿಂದ ತಲೆ ಎತ್ತಿ, "ಅಲ್ಲಿ ಹಿಮ ಬೀಳ್ತಡ. ತಂಬುಳಿ ಕುಡದ್ರೆ ಶೀತ ಆಗ್ತು. ಕಷಾಯ ಬರಿ" ಅಂದರಂತೆ. ದೊಡ್ಡಮ್ಮನಿಗೆ ಹೌದೆನ್ನಿಸಿತು. ಮರುದಿನ ರಷ್ಯಾದ ತಂಗಿಗೆ ಕಾಳುಮೆಣಸು, ಜೀರಿಗೆ ಕಷಾಯದ ವಿಧಾನ ಹೋಯಿತು.

"ದೊಡ್ಡಮ್ಮ, ಕಡೇ ಪಕ್ಷ ಪಾಸ್‌ವರ್ಡಾದ್ರೂ ಬದಲಿಸು. 'ತಂಬುಳಿ' ಹೇಳಿ ಇಟ್ಟರೆ ಯಾರು ಬೇಕಾದ್ರೂ ಊಹಿಸ್ತ" ಅಂದೆ.

"ಇಷ್ಟು ದಿನ ಬಂದು ಹೋಗಿ ಮಾಡಿದವರ ಮೇಲೆ ಅನುಮಾನ ಪಡಲಾಗ ಕೂಸೆ" ಅಂದಳು. "ಮತ್ತೆ ಆ ತಂಗಿ ಒಳಗೆ ಬಂದ್ರೂ ಎಂತ ತಗಂಡು ಹೋಗ್ತು? ಹೆಚ್ಚು ಅಂದ್ರೆ ಒಂದು ಗೊಜ್ಜು."

೬. ಮೇಲಿನ ಮನೆ ಅಂಗಳ

ಒಳಗೆ ಬಂದದ್ದು ಗೊಜ್ಜಿಗಾಗಿ ಅಲ್ಲ. ಕಳೆದ ತಿಂಗಳು ಯಾರೋ ದೊಡ್ಡಮ್ಮನ ಬ್ಲಾಗಿಗೆ ನುಗ್ಗಿ, ಪಾಸ್‌ವರ್ಡು ಬದಲಿಸಿ, ಅಡುಗೆಗಳ ಕೆಳಗೆಲ್ಲ ತೆಳ್ಳಗಾಗುವ ಮಾತ್ರೆಯ ಜಾಹೀರಾತು ಹಾಕಿದರು. ಹೋಳಿಗೆ ಮಾಡುವ ವಿಧಾನ, ಅದರ ಕೆಳಗೆ ಸೊಂಟ ಸಪೂರವಾಗುವ ಮಾತ್ರೆ. "ಅದು ಸರಿಯಾಗೇ ಇದ್ದಲೆ" ಅಂದರು ದೊಡ್ಡಪ್ಪ.

ದೊಡ್ಡಮ್ಮನೂ ಮೊದಲು ನಕ್ಕಳು. ಆದರೆ ಬ್ಲಾಗಿನ ಕಂಪನಿಯಿಂದ ಒಂದು ಮೇಲ್ ಬಂತು. ಖಾತೆ ತೆರೆಯುವಾಗ ನನ್ನ ವಿಳಾಸವನ್ನೂ ಕೊಟ್ಟಿದ್ದರಿಂದ ಅದು ನನಗೇ ಬಂತು. ಈ ಬ್ಲಾಗು ಮೋಸದ ಜಾಹೀರಾತು ಹರಡುತ್ತಿದೆ, ಇಂದು ಸಂಜೆಯೊಳಗೆ ಒಡೆಯರು ಬಂದು ತಮ್ಮದೆಂದು ರುಜುವಾತು ಮಾಡದಿದ್ದರೆ ಪೂರ್ತಿ ಅಳಿಸುತ್ತೇವೆ ಅಂತ ಅದರಲ್ಲಿತ್ತು. ಅವರ ಮನೆಯ ಲ್ಯಾಂಡ್‌ಲೈನಿಗೆ ಫೋನ್ ಮಾಡಿ ಹೇಳಿದೆ.

"ಎಲ್ಲಾ ಅಳಸ್ತ್ವಾ?" ಅಂದಳು ದೊಡ್ಡಮ್ಮ. ಧ್ವನಿ ಒಡೆದಿತ್ತು. "ಅಮ್ಮನ ಅಡಿಗೆ ಎಲ್ಲಾ ಅದ್ರಲ್ಲೇ ಇದ್ದು ಕೂಸೆ. ಬರದು ಇಟ್ಟಾತಲೆ ಹೇಳಿ ಯನ್ನ ತಲೆಯಿಂದ ಬಿಟ್ಬಿಟ್ಟಿದ್ದಿ. ಈಗ ಅರ್ಧಕ್ಕರ್ಧ ನೆನಪಿಲ್ಲೆ."

ದೊಡ್ಡಮ್ಮ ಅತ್ತದ್ದನ್ನು ನಾನು ಅವತ್ತಿನವರೆಗೆ ಕೇಳಿರಲಿಲ್ಲ. ಅಂಗಡಿಗೆ ಬೀಗ ಹಾಕಿ ಯಲ್ಲಾಪುರದ ದಾರಿ ಹಿಡಿದೆ.

ಕೆಲಸ ಕಷ್ಟದ್ದೇನಲ್ಲ. ಲ್ಯಾಪ್‌ಟಾಪಿನಲ್ಲಿ ಕೇಳಿದರೆ ಕಂಪನಿಯವರು, ಖಾತೆ ತೆರೆಯುವಾಗ ನಂಬರ್ ಕೊಟ್ಟಿದ್ದ ದೊಡ್ಡಪ್ಪನ ಮೊಬೈಲಿಗೆ ಆರು ಅಂಕಿಯ ಒಟಿಪಿ ಕಳಿಸುತ್ತಾರೆ. ಅದನ್ನು ಹೊಡೆದರೆ ಆಯಿತು. ಲ್ಯಾಪ್‌ಟಾಪಿಗೆ ಲ್ಯಾಂಡ್‌ಲೈನಿನ ಇಂಟರ್ನೆಟ್ ಇದೆ. ಆದರೆ ಆ ಕೇರಿಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಕ್ಕುವುದು ಒಂದೇ ಕಡೆ, ಗುಡ್ಡದ ತುದಿಯ ಮೇಲಿನ ಮನೆಯ ಅಂಗಳದಲ್ಲಿ. ಅಲ್ಲೂ ಮೆಸೇಜು ಬರುವಷ್ಟೇ, ಮಾತಾಡಲು ಹೋದರೆ ಕಟ್ಟಾಗುತ್ತದೆ. ನಾನು ಅತ್ತೆ ಅಂತ ಕರೆಯುವ ಮೇಲಿನ ಮನೆಯ ಯಜಮಾನಿಗೂ ನಮ್ಮ ದೊಡ್ಡಮ್ಮನಿಗೂ ಮಾತು ಬಿಟ್ಟು ಎರಡು ಮಳೆಗಾಲ ಕಳೆದಿದೆ. ಅದಕ್ಕೂ ಕಾರಣ ಬ್ಲಾಗೇ. ಅವರ ಮನೆಯ ಒಂದು ಕಾರ್ಯದ ಊಟ ಮುಗಿಸಿ ಬಂದ ದೊಡ್ಡಮ್ಮ, 'ಮೇಲಿನ ಮನೆಯ ಸೌತೆಕಾಯಿ ಹುಳಿ: ಹೀಗೆ ಮಾಡಬಾರದು' ಅಂತ ಒಂದು ಬರಹ ಹಾಕಿದ್ದಳು. ಅತ್ತೆಯ ಗಂಡ, ಅಂದರೆ ಮೇಲಿನ ಮನೆಯ ಮಾವ, ಮತ್ತು ನಮ್ಮ ದೊಡ್ಡಪ್ಪ ಮಾತ್ರ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ದಿನಾ ಇಸ್ಪೀಟು ಆಡುತ್ತಾರೆ.

ಹಾಗಾಗಿ ಮೊಬೈಲು ಹಿಡಿದು ಗುಡ್ಡ ಹತ್ತಿದ್ದು ದೊಡ್ಡಪ್ಪ. ಅವರು ಮೇಲೆ ಮುಟ್ಟಿರಬಹುದು ಅಂತ ನಾನು ಮೊದಲ ಸಲ ಒಟಿಪಿ ಕೇಳಿದಾಗ ಅವರು ಅರ್ಧ ದಾರಿಯಲ್ಲಿ ಕಲ್ಲಿನ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದರು. ಎರಡನೆಯ ಸಲ ಕೇಳಿದಾಗ ಮೇಲಿನ ಮನೆಯ ಜಗಲಿಯಲ್ಲಿ ಮಾವನ ಜೊತೆ ಎಲೆಯಡಿಕೆಯ ಕವಳ ಹಾಕುತ್ತ, ಮೊಬೈಲನ್ನು ಕಿಸೆಯಲ್ಲೇ ಬಿಟ್ಟಿದ್ದರು. ಎರಡರ ಅವಧಿಯೂ ಮುಗಿಯಿತು. ಪರದೆಯ ಮೇಲೆ ಕೆಂಪು ಅಕ್ಷರ ಬಂತು. ಇನ್ನು ಒಂದೇ ಸಲ ಕಳಿಸುತ್ತೇವೆ, ಅದನ್ನು ಹತ್ತು ನಿಮಿಷದೊಳಗೆ ಹೊಡೆಯಬೇಕು, ತಪ್ಪು ಹೊಡೆದರೆ ಮತ್ತೆ ಅವಕಾಶವಿಲ್ಲ.

ನಮ್ಮ ಕಡೆ ದೂರದ ಮನೆಯವರನ್ನು ಕರೆಯಬೇಕಾದರೆ ಕೂ ಹಾಕುವುದು ರೂಢಿ. ಲ್ಯಾಪ್‌ಟಾಪನ್ನು ಜಗಲಿಗೆ ತಂದಿಟ್ಟು, ಅಂಗಳದ ಅಂಚಿಗೆ ನಿಂತು, ಕೈ ಬಾಯಿಗೆ ಹಿಡಿದು ಒಂದು ಕೂ ಹಾಕಿದೆ. ಮೇಲಿನಿಂದ ದೊಡ್ಡಪ್ಪನ ಕೂ ಬಂತು. ಗುಂಡಿ ಒತ್ತಿದೆ.

"ಬಂತಾ ದೊಡ್ಡಪ್ಪಾ?"

"ಬಂಜು. ಕನ್ನಡಕ ಮನೇಲೇ ಬಿಟ್ಟಿಕ್ಕಿ ಬಂಜಿ."

ಕನ್ನಡಕ ಲ್ಯಾಪ್‌ಟಾಪಿನ ಪಕ್ಕದಲ್ಲೇ ಇತ್ತು. ನಾನು ಹಣೆ ಚಚ್ಚಿಕೊಳ್ಳುವಷ್ಟರಲ್ಲಿ ಮೇಲಿನಿಂದ ಬೇರೆ ಧ್ವನಿ ಬಂತು. ದೊಡ್ಡಪ್ಪ ಮೊಬೈಲನ್ನು, ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದ ಮೇಲಿನ ಮನೆಯ ಅತ್ತೆಯ ಕೈಗೆ ಕೊಟ್ಟಿದ್ದರು.

"ಇದನ್ನ ಯಾರಿಗೂ ಹೇಳಲಾಗ ಹೇಳಿ ಬರದ್ದು. ಕೂಗ್ಲಾ?" ಅಂತ ಅತ್ತೆ ಇಡೀ ಗುಡ್ಡಕ್ಕೆ ಕೇಳುವ ಹಾಗೆ ಕೇಳಿದರು.

"ಕೂಗಿ ಅತ್ತೆ" ಅಂದೆ. ಊರೂರಿಗೆ ಹೋಗಿ ಪಾಠ ಹೇಳಿದ ಬಾಯಿ ಇದೇ.

"ನಾಲ್ಕು" ಅಂತ ಬಂತು. ಹೊಡೆದೆ. "ಒಂದು." ಹೊಡೆದೆ. "ಒಂಬತ್ತು" ಅನ್ನುವಾಗ ಗಾಳಿ ಬೀಸಿತು. ನಡುವಿನ ಮನೆಯಿಂದ ಯಾರೋ, "ಒಂಬತ್ತಡ" ಅಂತ ದಾಟಿಸಿದರು. "ಎರಡು" ಬಂತು, "ಎಂಟು" ಬಂತು. ಆಮೇಲೆ ನಿಂತಿತು.

"ಕಡೇದು, ಅತ್ತೆ?"

"ಈ ನಂಬರು ಎಂತಕ್ಕೆ?" ಅಂತ ಅತ್ತೆ ದೊಡ್ಡಪ್ಪನನ್ನು ಕೇಳಿದ್ದು ಕೆಳಗೂ ಕೇಳಿಸಿತು. ದೊಡ್ಡಪ್ಪನಾದರೂ ಏನೋ ಒಂದು ಹೇಳಬಹುದಿತ್ತು. ಬ್ಲಾಗು ಉಳಿಸಲಿಕ್ಕೆ ಅಂತ ಇದ್ದದ್ದನ್ನು ಇದ್ದ ಹಾಗೇ ಹೇಳಿದರು.

ಆಮೇಲೆ ಅತ್ತೆಯ ಧ್ವನಿ ಮೊದಲಿಗಿಂತ ಸ್ಪಷ್ಟವಾಗಿ ಇಳಿದು ಬಂತು. "ಕಡೇ ಅಂಕಿ ಬೇಕಾದ್ರೆ, ಆ ದಿನದ ಹುಳಿ ಚೊಲೋ ಇತ್ತು ಹೇಳಿ ನಿನ್ನ ದೊಡ್ಡಮ್ಮ ಹೇಳವು. ಕೇರಿಗೆಲ್ಲ ಕೇಳೋ ಹಂಗೆ."

ಒಂದೊಂದೇ ಮನೆಯ ಬಾಗಿಲಿಗೆ ಜನ ಬಂದು ನಿಂತರು. ನಾನು ದೊಡ್ಡಮ್ಮನ ಕಡೆ ತಿರುಗಿದೆ. ಅವಳು ಹೊಸ್ತಿಲ ಮೇಲೆ ನಿಂತಿದ್ದಳು. ಒಮ್ಮೆ ಲ್ಯಾಪ್‌ಟಾಪು ನೋಡುವುದು, ಒಮ್ಮೆ ಗುಡ್ಡ ನೋಡುವುದು.

"ಹೇಳೇ ದೊಡ್ಡಮ್ಮ. ಹೊತ್ತಾಗ್ತಾ ಇದ್ದು" ಅಂದೆ.

"ಹೆಂಗೆ ಹೇಳದು? ತಳ ಹತ್ತಿತ್ತು. ಬೆಲ್ಲ ಹಾಕಿ ಮುಚ್ಚಿದ್ದಿದ್ವು."

"ಅಮ್ಮಮ್ಮನ ಅಡಿಗೆ ಎಲ್ಲಾ ಹೋಗ್ತು. ಒಂದು ಮಾತು ಹೇಳು."

"ಇಷ್ಟು ವರ್ಷ ಒಂದು ಸುಳ್ಳು ಬರದ್ದಿಲ್ಲೆ ಆನು" ಅಂದಳು. ಕಣ್ಣಲ್ಲಿ ನೀರು ನಿಂತಿತ್ತು. ನನಗೆ ಅವಳ ಮೇಲೆ ಸಿಟ್ಟು ಬಂತು, ಮರುಕವೂ ಬಂತು. ಪರದೆಯ ಮೂಲೆಯಲ್ಲಿ ಹೊತ್ತು ಇಳಿಯುತ್ತಲೇ ಇತ್ತು. ಅಂದಾಜಿನ ಮೇಲೆ ಒಂದು ಅಂಕಿ ಹೊಡೆದುಬಿಡೋಣ ಅಂದರೆ ತಪ್ಪಿದರೆ ಎಲ್ಲ ಮುಗಿಯಿತು.

ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಅಂಗಳಕ್ಕೆ ಇಳಿದಳು. ಕಣ್ಣು ಮುಚ್ಚಿ, ಕಹಿಮದ್ದು ಕುಡಿಯುವವಳ ಹಾಗೆ ಮುಖ ಮಾಡಿ ಕೂಗಿದಳು. "ಮೇಲಿನ ಮನೆ ಸೌತೆಕಾಯಿ ಹುಳಿ..." ಮತ್ತೆ ಉಸಿರು ತೆಗೆದುಕೊಂಡಳು. "ಚೊಲೋ ಇತ್ತು."

ಕೇರಿಗೆ ಕೇರಿಯೇ ಗುಡ್ಡದ ತುದಿಯ ಕಡೆ ತಲೆ ಎತ್ತಿತು. ಮೇಲಿನಿಂದ ಉತ್ತರ ಬಂತು. ಆದರೆ ಅದು ಅತ್ತೆಯ ಧ್ವನಿಯಲ್ಲ, ಅವರ ಹಿಂದೆ ಬಂದು ಮೊಬೈಲಿಗೆ ಇಣುಕಿದ ಮಾವನದು.

"ಸುಳ್ಳು ಎಂತಕ್ಕೆ ಹೇಳ್ತೆ ಅತ್ತಿಗೆ? ತಳ ಹತ್ತಿತ್ತು, ಆನೂ ಉಂಡಿದ್ದಿ. ಕಡೇ ಅಂಕಿ ಏಳು."

ಹೊಡೆದೆ. ಬ್ಲಾಗು ತೆರೆಯಿತು. ಅಮ್ಮಮ್ಮನ ತಂಬುಳಿ, ಗೊಜ್ಜು, ಹಶಿ ಒಂದೂ ಅಲ್ಲಾಡದೆ ಇದ್ದವು. ದೊಡ್ಡಮ್ಮ ಜಗಲಿಯ ಮೇಲೆ ಕೂತು, ಅಳುತ್ತಳುತ್ತಲೇ ನಕ್ಕಳು. ನಾನೂ ನಕ್ಕೆ.

ಮೇಲಿನ ಮನೆಯ ಮಾವ ಅಂದು ರಾತ್ರಿಯ ಊಟಕ್ಕೆ ನಮ್ಮ ದೊಡ್ಡಮ್ಮನ ಮನೆಗೇ ಬಂದರು. ಮರುದಿನ ಬೆಳಗಿನ ದೋಸೆಗೂ ಬಂದರು.